ಹಳೆ ಕರ್ನಲ್ ಎಲ್ಲಿ ಹೋಯಿತು?

ಬದಿಯಡ್ಕದ ಒಂದು ಅಡಿಕೆ ಮಂಡಿಯ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಐದು ಬಿಲ್ಲಿಂಗ್ ಮೆಷಿನ್, ಎರಡು ಪ್ರಿಂಟರ್, ಹಿಂದಿನ ಕೋಣೆಯಲ್ಲಿ ಗೋಣಿಚೀಲಗಳ ಪಕ್ಕ ಒಂದು ಸರ್ವರ್. ಅದರಲ್ಲಿ ಓಡುವುದು ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್. ಲೆಕ್ಕದ ಡೇಟಾಬೇಸ್ ಇರುವುದು ಅದರಲ್ಲೇ, ಇಂಟರ್‌ನೆಟ್ ಹಂಚುವುದೂ ಅದೇ.

2023ರ ಅಕ್ಟೋಬರ್‌ನಲ್ಲಿ ಅದನ್ನು ವರ್ಷನ್ 12ರಿಂದ 13.2ಕ್ಕೆ ಏರಿಸಬೇಕಾಗಿತ್ತು. 12ಕ್ಕೆ ಆ ವರ್ಷದ ಡಿಸೆಂಬರ್ 31ಕ್ಕೆ ಸಪೋರ್ಟ್ ಮುಗಿಯುತ್ತಿತ್ತು. ಸಾಮಾನ್ಯವಾಗಿ ಇದಕ್ಕೆ ಫ್ರೀಬಿಎಸ್‌ಡಿ-ಅಪ್‌ಡೇಟ್ ಎಂಬ ಕಮಾಂಡ್ ಸಾಕು, ಸಿದ್ಧ ಫೈಲುಗಳನ್ನು ಇಳಿಸಿಕೊಂಡು ಹಾಕುತ್ತದೆ. ನಮ್ಮಲ್ಲಿ ಅದು ನಡೆಯುವುದಿಲ್ಲ. ಯಾರೋ ಆಫೀಸಿನಲ್ಲಿ ವೀಡಿಯೊ ನೋಡಿದರೂ ಬಿಲ್ಲಿಂಗ್ ನಿಲ್ಲಬಾರದು ಅಂತ ಲೈನನ್ನು ಪಾಲು ಮಾಡಿ ಕೊಡುತ್ತೇವೆ. ಅದಕ್ಕೆ ಆಲ್ಟ್‌ಕ್ಯೂ ಎಂಬ ಸೌಲಭ್ಯ ಬೇಕು, ಅದು ಫ್ರೀಬಿಎಸ್‌ಡಿ ಜೊತೆ ಬರುವ ಮಾಮೂಲಿ ಜೆನೆರಿಕ್ ಕರ್ನಲ್‌ನಲ್ಲಿ ಇರಲಿಲ್ಲ. ಕರ್ನಲ್ ಅಂದರೆ ಸಿಸ್ಟಮ್‌ನ ತಿರುಳು, ಪ್ರೋಗ್ರಾಮ್‌ಗಳಿಗೂ ಮೆಷಿನ್‌ಗೂ ನಡುವೆ ನಿಂತು ಕೆಲಸ ಮಾಡಿಸುವುದು. ಹಾಗಾಗಿ ಕರ್ನಲ್ ನಮ್ಮದೇ, ಸೋರ್ಸ್‌ನಿಂದಲೇ, ಅಂದರೆ ಮೂಲ ಕೋಡ್‌ನಿಂದಲೇ ಕಟ್ಟಬೇಕು.

ಕಟ್ಟುವ ಕ್ರಮ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಮೊದಲು ಬಿಲ್ಡ್‌ವರ್ಲ್ಡ್, ಅಂದರೆ ಕಂಪೈಲರ್, ಲೈಬ್ರರಿ, ಶೆಲ್ ಎಲ್ಲ ಕಟ್ಟುವುದು. ಆಮೇಲೆ ಬಿಲ್ಡ್‌ಕರ್ನಲ್. ಇಲ್ಲಿಯವರೆಗೆ ಓಡುತ್ತಿರುವ ಸಿಸ್ಟಮ್‌ಗೆ ಏನೂ ಆಗುವುದಿಲ್ಲ, ಕಟ್ಟಿದ್ದೆಲ್ಲ ಬೇರೆ ಫೋಲ್ಡರ್‌ನಲ್ಲಿ ಬಿದ್ದಿರುತ್ತದೆ. ನಂತರ ಇನ್‌ಸ್ಟಾಲ್‌ಕರ್ನಲ್, ರೀಬೂಟ್. ಹೊಸ ಕರ್ನಲ್ ಸರಿಯಾಗಿ ಎದ್ದರೆ ಮಾತ್ರ ಇನ್‌ಸ್ಟಾಲ್‌ವರ್ಲ್ಡ್. ಈ ಕ್ರಮ ತಿರುಗಿಸುವ ಹಾಗಿಲ್ಲ. ಹೊಸ ಕರ್ನಲ್ ನಮ್ಮ ಕಾಸರಗೋಡಿನವರ ಹಾಗೆ, ತುಳುವಿನಲ್ಲಿ ಕೇಳಿದರೂ ಮಲಯಾಳದಲ್ಲಿ ಕೇಳಿದರೂ ಉತ್ತರ ಕೊಡುತ್ತದೆ. ಹಳೆ ಪ್ರೋಗ್ರಾಮ್‌ಗಳ ಮಾತು ಅದಕ್ಕೆ ಅರ್ಥವಾಗುತ್ತದೆ. ಹಳೆ ಕರ್ನಲ್‌ಗೆ ಹೊಸ ಪ್ರೋಗ್ರಾಮ್‌ಗಳ ಮಾತು ಅರ್ಥವಾಗುತ್ತದೆ ಅಂತ ನಂಬಲಿಕ್ಕಾಗುವುದಿಲ್ಲ.

ಶನಿವಾರ ಮಂಡಿ ಮುಚ್ಚಿದ ಮೇಲೆ ಬಿಲ್ಡ್‌ವರ್ಲ್ಡ್ ಹಾಕಿ ಮನೆಗೆ ಹೋದೆ. ನಾಲ್ಕು ಕೋರ್‌ನ ಹಳೆ ಮೆಷಿನ್, ಐದೂವರೆ ಗಂಟೆ ತೆಗೆದುಕೊಂಡಿತ್ತು. ಅದರಲ್ಲಿ ಬಹುಪಾಲು ಸಮಯ ಕಂಪೈಲರನ್ನೇ ಕಂಪೈಲ್ ಮಾಡಲು ಹೋಗುತ್ತದೆ.

ಭಾನುವಾರ ಮಧ್ಯಾಹ್ನ ಊಟ ಮಾಡಿ ಬಂದು ಬಿಲ್ಡ್‌ಕರ್ನಲ್ ಕೊಟ್ಟೆ. ತಕ್ಷಣ ಐದಾರು ಸಾಲು ಎರರ್. ಪಿಸಿಎನ್ ಎಂಬ ಡಿವೈಸ್ ಗೊತ್ತಿಲ್ಲ, ಎಸ್‌ಎಫ್ ಗೊತ್ತಿಲ್ಲ, ಟಿಎಲ್ ಗೊತ್ತಿಲ್ಲ. ಇವೆಲ್ಲ ಹಳೆ ಕಾಲದ ನೆಟ್‌ವರ್ಕ್ ಕಾರ್ಡ್‌ಗಳ ಡ್ರೈವರ್, ಅಂದರೆ ಆ ಕಾರ್ಡ್‌ಗಳನ್ನು ನಡೆಸುವ ಕೋಡ್. 13ರಲ್ಲಿ ತೆಗೆದುಹಾಕಿದ್ದಾರೆ. ಕರ್ನಲ್‌ನಲ್ಲಿ ಏನೇನು ಇರಬೇಕು ಅಂತ ಹೇಳುವ ನಮ್ಮ ಕಾನ್ಫಿಗ್ ಫೈಲ್ ಯಾವತ್ತೋ ಜೆನೆರಿಕ್‌ನ ನಕಲು ಮಾಡಿ ಇಟ್ಟದ್ದು, ಹಾಗಾಗಿ ಆ ಸಾಲುಗಳು ಉಳಿದಿದ್ದವು. ತೆಗೆದರಾಯಿತಲ್ಲ ಅಂತ ವಿಐ ಎಡಿಟರ್‌ನಲ್ಲಿ ತೆರೆದು ಪಿಸಿಎನ್‌ನಿಂದ ಎಸ್‌ಎಫ್‌ವರೆಗೆ ಒಟ್ಟಿಗೆ ಅಳಿಸಿದೆ. ಎರರ್ ಕೊಟ್ಟ ಉಳಿದ ಸಾಲುಗಳನ್ನೂ ತೆಗೆದೆ. ಬಿಲ್ಡ್ ಮುಗಿಯಿತು. ಇನ್‌ಸ್ಟಾಲ್‌ಕರ್ನಲ್, ರೀಬೂಟ್. 13 ಚೆನ್ನಾಗಿಯೇ ಎದ್ದಿತು. ನೆಟ್‌ವರ್ಕ್ ಮಾತ್ರ ಇಲ್ಲ.

ಆ ಪಟ್ಟಿ ಅಕ್ಷರಮಾಲೆಯ ಕ್ರಮದಲ್ಲಿ ಇರುತ್ತದೆ. ಪಿಸಿಎನ್, ಆರ್‌ಇ, ಆರ್‌ಎಲ್, ಎಸ್‌ಎಫ್. ನಡುವೆ ಇದ್ದ ಆರ್‌ಇ ನಮ್ಮ ಮದರ್‌ಬೋರ್ಡಿನ ರಿಯಲ್‌ಟೆಕ್ ಕಾರ್ಡಿನದು! ಕಳೆಯ ಜೊತೆ ಸಸಿಯನ್ನೂ ಕಿತ್ತಿದ್ದೆ. ಬೇಕಾದಾಗ ಕರ್ನಲ್‌ಗೆ ಸೇರಿಸಿಕೊಳ್ಳುವ ಬಿಡಿ ಮಾಡ್ಯೂಲ್ ಆಗಿಯಾದರೂ ಇರುತ್ತಿತ್ತು, ಆದರೆ ಸಮಯ ಉಳಿಸಲು ಮಾಡ್ಯೂಲ್‌ಗಳನ್ನು ಕಟ್ಟಬೇಡ ಅಂತ ನಾನೇ ಬರೆದಿಟ್ಟಿದ್ದೆ.

ಇದು ದೊಡ್ಡ ತಪ್ಪೇನಲ್ಲ. ಆರ್‌ಇ ಸಾಲು ವಾಪಸ್ ಹಾಕಿ ಮತ್ತೆ ಕಟ್ಟಿದ್ದರೆ ಸಂಜೆ ಚಹಾಕ್ಕೆ ಮನೆಯಲ್ಲಿರುತ್ತಿದ್ದೆ. ಆದರೆ ಫೈಲ್ ಹೇಗೂ ತೆರೆದಿದೆಯಲ್ಲ ಅಂತ ಇನ್ನೂ ಸ್ವಲ್ಪ ಚೊಕ್ಕ ಮಾಡಲು ಹೋದೆ. ಎಸ್‌ಸಿಎಸ್‌ಐ ಕಂಟ್ರೋಲರ್ ಅಂತ ಒಂದು ಭಾಗ ಕಾಣಿಸಿತು, ಅದು ಬೇರೆ ಜಾತಿಯ ಡಿಸ್ಕ್ ಜೋಡಣೆ. ನಮ್ಮ ಡಿಸ್ಕ್ ಎಲ್ಲ ಸಾಟಾ, ಇದೆಲ್ಲ ಯಾಕೆ ಅಂತ ಅದನ್ನೂ ತೆಗೆದೆ. ಬಿಲ್ಡ್, ಇನ್‌ಸ್ಟಾಲ್, ರೀಬೂಟ್.

ಹೊರಗೆ ತುಲಾ ತಿಂಗಳ ಗುಡುಗು ಶುರುವಾಗಿತ್ತು. ಪರದೆಯ ಮೇಲೆ ಅಕ್ಷರಗಳು ಓಡಿ ಓಡಿ ಒಂದು ಕಡೆ ನಿಂತವು. ಡಿಎ0 ಡಿಸ್ಕಿನಿಂದ ರೂಟ್ ಮೌಂಟ್ ಆಗಲಿಲ್ಲ, ಎರರ್ 19. ಅಂದರೆ ಸಿಸ್ಟಮ್ ಇರುವ ಡಿಸ್ಕೇ ಕರ್ನಲ್‌ಗೆ ಸಿಗಲಿಲ್ಲ. ಕೆಳಗೆ ಮೌಂಟ್‌ರೂಟ್ ಅಂತ ಒಂದು ಪ್ರಾಂಪ್ಟ್. ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಕರ್ನಲ್‌ಗೆ ಕಾಣುವ ಡಿಸ್ಕುಗಳ ಪಟ್ಟಿ ಬರುತ್ತದೆ. ಒತ್ತಿದೆ. ಸಿಡಿ ಡ್ರೈವ್ ಒಂದೇ ಬಂತು.

ಡಿಎ0 ಎಂಬ ಹೆಸರೇ ಎಲ್ಲ ಹೇಳುತ್ತಿತ್ತು. ಸಾಟಾ ಡಿಸ್ಕನ್ನು ಮದರ್‌ಬೋರ್ಡಿಗೆ ನೇರ ಹಾಕಿದರೆ ಅದು ಎಡಿಎ0 ಅಂತ ಕಾಣುತ್ತದೆ. ನಮ್ಮ ಡಿಸ್ಕುಗಳು ಒಂದು ಎಲ್‌ಎಸ್‌ಐ ಡಿಸ್ಕ್ ಕಂಟ್ರೋಲರ್ ಕಾರ್ಡಿಗೆ ಸಿಕ್ಕಿಸಿದ್ದವು, ಆ ಕಾರ್ಡಿನ ಡ್ರೈವರ್ ಎಂಪಿಎಸ್, ಅದು ಇದ್ದದ್ದು ನಾನು ಅಳಿಸಿದ ಎಸ್‌ಸಿಎಸ್‌ಐ ಭಾಗದಲ್ಲೇ. ಹಾಗಾದರೆ ಕರ್ನಲ್ ತಾನೇ ಲೋಡ್ ಆದದ್ದು ಹೇಗೆ? ಅದನ್ನು ಡಿಸ್ಕಿನಿಂದ ಎತ್ತುವುದು ಲೋಡರ್, ಅದು ಮದರ್‌ಬೋರ್ಡಿನ ಬಯಾಸ್ ಮೂಲಕ ಓದುತ್ತದೆ. ಕರ್ನಲ್ ಎದ್ದ ಮೇಲೆ ಬಯಾಸ್‌ನ ಸಹಾಯ ಇಲ್ಲ, ತನ್ನ ಡ್ರೈವರ್ ತನ್ನಲ್ಲಿ ಇರಬೇಕು.

ಅಷ್ಟರಲ್ಲಿ ಧಣಿಗಳು ಟಾರ್ಚ್ ಹಿಡಿದುಕೊಂಡು ಬಂದರು. ಮನೆ ಮಂಡಿಯ ಹಿಂದೆಯೇ.

"ಎಂತ ಮಾರಾಯ, ಇನ್ನೂ ಮುಗಿಯಲಿಲ್ವಾ?"

ಹೇಳಿದೆ.

"ಹಳೆಯದು ಲಾಯ್ಕಲ್ಲಿ ಓಡ್ತಾ ಇತ್ತಲ್ಲ. ನಾಳೆಗೆ ಅದನ್ನೇ ಹಾಕಿಕೊಡು. ಹೊಸದು ಮತ್ತೆ ನೋಡುವ."

ನನ್ನ ಮನಸ್ಸಲ್ಲೂ ಅದೇ ಇತ್ತು. ರೀಬೂಟ್ ಮಾಡಿ ಲೋಡರ್‌ನಲ್ಲಿ ನಿಲ್ಲಿಸಿ, ಕರ್ನಲ್ ಡಾಟ್ ಓಲ್ಡ್‌ನಿಂದ ಬೂಟ್ ಮಾಡು ಅಂದೆ. ಎದ್ದಿತು. ವರ್ಷನ್ ತೋರಿಸುವ ಯುನೇಮ್ ಕೊಟ್ಟರೆ 13.2 ಅಂತು. ನೆಟ್‌ವರ್ಕ್ ಇಲ್ಲ.

ಒಂದು ನಿಮಿಷ ಸುಮ್ನೆ ಕೂತೆ. ಇನ್‌ಸ್ಟಾಲ್‌ಕರ್ನಲ್ ಏನು ಮಾಡುತ್ತದೆ ಅಂತ ನನಗೆ ಗೊತ್ತಿಲ್ಲದೆ ಏನಲ್ಲ. ಈಗ ಓಡುತ್ತಿರುವ ಕರ್ನಲನ್ನು ಓಲ್ಡ್ ಎಂಬ ಹೆಸರಿಗೆ ಸರಿಸುತ್ತದೆ, ಅಲ್ಲಿ ಮೊದಲೇ ಇದ್ದದ್ದನ್ನು ಅಳಿಸುತ್ತದೆ. ಮೊದಲ ಸಲ 12 ಅಲ್ಲಿಗೆ ಹೋಗಿತ್ತು. ಎರಡನೆಯ ಸಲ, ನೆಟ್‌ವರ್ಕ್ ಇಲ್ಲದ 13ರಲ್ಲಿ ಕೂತುಕೊಂಡು ಇನ್‌ಸ್ಟಾಲ್ ಕೊಟ್ಟೆನಲ್ಲ, ಆಗ ಅದು 12ನ್ನು ಅಳಿಸಿ ತಾನು ಆ ಜಾಗಕ್ಕೆ ಹೋಯಿತು. ಓಡುತ್ತಿದೆ ಅಂದರೆ ಸರಿಯಾಗಿದೆ ಅಂತ ಅದರ ಲೆಕ್ಕ. ಓಲ್ಡ್ ಅಂದರೆ ಹಿಂದಿನದು ಅಷ್ಟೇ, ಒಳ್ಳೆಯದು ಅಂತ ಅಲ್ಲ. 12ರ ಸೋರ್ಸ್ ಇದ್ದ ಜಾಗದಲ್ಲಿ 13ರದ್ದು ತಂದಿದ್ದೆ. ಬ್ಯಾಕಪ್ ತೆಗೆದಿದ್ದೆ, ಆದರೆ ಡೇಟಾಬೇಸ್‌ನದ್ದು ಮಾತ್ರ. ಬೂಟ್ ಫೋಲ್ಡರ್ ಅದರಲ್ಲಿ ಇರಲಿಲ್ಲ.

"ಹಳೆಯದು ಇಲ್ಲ ಅಣ್ಣ," ಅಂದೆ.

"ಇಲ್ಲ ಅಂದರೆ ಎಂತ? ಎಲ್ಲಿ ಹೋಯ್ತು?"

ಈ ಪ್ರಶ್ನೆಗೆ ಉತ್ತರ ಹೇಳುವಾಗ ಆದ ನಾಚಿಕೆ ಪರದೆಯ ಎದುರು ಆಗಿರಲಿಲ್ಲ.

ಉಳಿದದ್ದು ಒಂದೇ ದಾರಿ. ಅದೃಷ್ಟಕ್ಕೆ ಆ ಅರೆಬರೆ ಕರ್ನಲ್‌ಗೆ ಡಿಸ್ಕ್ ಕಾಣುತ್ತಿತ್ತು, ಸೋರ್ಸ್ ಡಿಸ್ಕಿನಲ್ಲೇ ಇತ್ತು. ನನ್ನ ಕಾನ್ಫಿಗ್ ಬದಿಗಿಟ್ಟು, ಮಾಡ್ಯೂಲ್ ಬೇಡ ಎಂಬ ಸಾಲನ್ನೂ ತೆಗೆದು, ಜೆನೆರಿಕ್ ಕಟ್ಟಲು ಕೊಟ್ಟೆ. ಎಲ್ಲ ಡ್ರೈವರ್ ಇರುವ ದಪ್ಪ ಕರ್ನಲ್, ಒಂದು ಗಂಟೆಗಿಂತ ಜಾಸ್ತಿ ಬೇಕು. ಹನ್ನೊಂದಕ್ಕೆ ಸಿಡಿಲು ಹೊಡೆದು ಕರೆಂಟ್ ಹೋಯಿತು. ಯುಪಿಎಸ್ ಕೂಗಲು ಶುರು ಮಾಡಿತು. ಬ್ಯಾಟರಿ ಪೂರ್ತಿ ಇಳಿಯುವ ಮೊದಲೇ ನಾನೇ ಬಿಲ್ಡ್ ನಿಲ್ಲಿಸಿ ಮೆಷಿನ್ ಆಫ್ ಮಾಡಿದೆ. ಹನ್ನೆರಡೂವರೆಗೆ ಕರೆಂಟ್ ಬಂತು. ನೋ-ಕ್ಲೀನ್ ಅಂತ ಕೊಟ್ಟರೆ ಮೊದಲು ಕಟ್ಟಿದ್ದನ್ನು ಅಳಿಸದೆ ಮುಂದುವರಿಸುತ್ತದೆ, ಅದೊಂದು ಪುಣ್ಯ. ಎರಡು ಗಂಟೆಗೆ ಜೆನೆರಿಕ್ ಎದ್ದಿತು, ಡಿಸ್ಕ್ ಉಂಟು, ನೆಟ್‌ವರ್ಕ್ ಉಂಟು. ಸಿಂಗಲ್ ಯೂಸರ್ ಮೋಡ್‌ಗೆ ಹೋಗಿ ಇನ್‌ಸ್ಟಾಲ್‌ವರ್ಲ್ಡ್, ಸೆಟ್ಟಿಂಗ್ ಫೈಲುಗಳನ್ನು ಹೊಸದಕ್ಕೆ ಹೊಂದಿಸುವ ಇಟಿಸಿ-ಅಪ್‌ಡೇಟ್, ಇನ್ನೊಂದು ರೀಬೂಟ್.

ವರ್ಷನ್ 12ರಿಂದ 13ಕ್ಕೆ ಹೋದಾಗ ಪ್ಯಾಕೇಜ್‌ಗಳನ್ನೂ ಎಲ್ಲ ಹೊಸದಾಗಿ ಹಾಕಬೇಕು. ಅದು ಮುಗಿಯುವಾಗ ಸೋಮವಾರ ಬೆಳಿಗ್ಗೆ ಹನ್ನೊಂದು. ಅಲ್ಲಿಯವರೆಗೆ ಮಂಡಿಯಲ್ಲಿ ಚಾಲಿ, ಪಟೋರ, ಕರಿಗೋಟು ಅಂತ ಅಡಿಕೆಯ ಬಗೆಗಳನ್ನು ಹಳೆ ರಿಜಿಸ್ಟರ್‌ನಲ್ಲಿ ಪೆನ್ನಿನಿಂದ ಬರೆದರು. ತೂಕದವನಿಗೆ ಭಾರೀ ಖುಷಿ, ಕಂಪ್ಯೂಟರ್ ಬರುವ ಮೊದಲಿನಿಂದ ಅಲ್ಲಿರುವವನು ಅವನು.

ಆಲ್ಟ್‌ಕ್ಯೂ ಮುಂದಿನ ಭಾನುವಾರ ಹಾಕಿದೆ. ಈಗ ಆ ಕಾನ್ಫಿಗ್ ಫೈಲಿನಲ್ಲಿ ಇರುವುದು ನಾಲ್ಕೇ ಸಾಲು: ಜೆನೆರಿಕನ್ನು ಸೇರಿಸು, ಹೆಸರು ಇದು, ಆಲ್ಟ್‌ಕ್ಯೂಗೆ ಎರಡು ಸಾಲು. ಬೇಡದ ಡ್ರೈವರ್‌ಗಳು ಸುಮ್ನೆ ಒಳಗೆ ಬಿದ್ದಿರಲಿ, ಅನ್ನ ಕೇಳುವುದಿಲ್ಲ. ಏನನ್ನಾದರೂ ಮುಟ್ಟುವ ಮೊದಲು ಓಡುತ್ತಿರುವ ಕರ್ನಲ್ ಫೋಲ್ಡರನ್ನು ಕರ್ನಲ್ ಡಾಟ್ ಗುಡ್ ಅಂತ ಬೇರೆ ಹೆಸರಲ್ಲಿ ನಕಲು ಮಾಡುತ್ತೇನೆ. ಇನ್‌ಸ್ಟಾಲ್‌ಕರ್ನಲ್‌ಗೆ ಆ ಹೆಸರು ಗೊತ್ತಿಲ್ಲ, ಹಾಗಾಗಿ ಅದನ್ನು ಮುಟ್ಟುವುದಿಲ್ಲ. ಒಮ್ಮೆ ಅದರಿಂದಲೇ ಬೂಟ್ ಮಾಡಿ ನೋಡಿ, ಆಮೇಲೆ ಮುಂದಿನ ಕೆಲಸ.

14ಕ್ಕೆ ಏರಿಸುವ ದಿನ ಧಣಿಗಳು ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು.

"ಹಳೆಯದು ಉಂಟಲ್ಲ?"

"ಉಂಟು ಅಣ್ಣ. ಎರಡು ಕಡೆ ಉಂಟು."

"ಹಾಗಾದರೆ ಮಾಡು," ಅಂದು ಅವರು ಮಲಗಲು ಹೋದರು.