ಕ್ರಿಯಾಪದದ ಪಕ್ಕದ ‘ಇಟ್’ ಎಲ್ಲಿ ಹೋಯಿತು?

“ಸಿನಿಮಾ ನೋಡಿದೆ, ಇಷ್ಟ ಆಯ್ತು.” ಕನ್ನಡದಲ್ಲಿ ಈ ಮಾತಿಗೆ ಏನೂ ಕೊರತೆಯಿಲ್ಲ. ನೋಡಿದ್ದು ಯಾರೆಂದು ‘ನೋಡಿದೆ’ಯ ಕೊನೆಯ ಎಕಾರವೂ ಮಾತಿನ ಸಂದರ್ಭವೂ ಸೇರಿ ಹೇಳುತ್ತವೆ. ಇಷ್ಟವಾದದ್ದು ಏನೆಂದು ಕೇಳುವವರಿಗೆ ಗೊತ್ತೇ ಇದೆ. ಇಂಗ್ಲಿಷಿನ ‘ಸಾ’ (saw, ನೋಡಿದ್ದು) ಪದದಲ್ಲಿ ಈ ಸುಳಿವಿಲ್ಲ. ನಾನು, ನೀನು, ಅವಳು, ಅವರು, ಎಲ್ಲರಿಗೂ ಅದೇ ‘ಸಾ’. ಹಾಗಾಗಿ ಅಲ್ಲಿ ಸರ್ವನಾಮವನ್ನು ಬಾಯಿಬಿಟ್ಟು ಹೇಳಬೇಕು.

ಇಂಗ್ಲಿಷ್ ಮಾತಾಡುವಾಗ ನಮ್ಮವರು ಕರ್ತೃಪದ ಬಿಡುವುದು ಕಡಿಮೆ, ‘ಐ’ ಶಾಲೆಯಲ್ಲೇ ರೂಢಿಯಾಗಿರುತ್ತದೆ. ಬಿಟ್ಟುಹೋಗುವುದು ಕರ್ಮಪದ. “ಡಿಡ್ ಯೂ ಲೈಕ್?”, “ಐ ವಿಲ್ ಸೆಂಡ್ ಟುಮಾರೋ”, “ಐ ಆಲ್ರೆಡಿ ಟೋಲ್ಡ್”. ಮೂರರಲ್ಲೂ ಒಂದೊಂದು ಪದ ಕಡಿಮೆ: ಲೈಕ್ ಇಟ್, ಸೆಂಡ್ ಇಟ್, ಟೋಲ್ಡ್ ಹಿಮ್. ಇಂಗ್ಲಿಷ್ ಮನೆಮಾತಿನವರು ವಾಟ್ಸಾಪಿನಲ್ಲಿ “ವಿಲ್ ಸೆಂಡ್ ಇಟ್ ಟುನೈಟ್” ಎಂದು ‘ಐ’ಯನ್ನು ಸಲೀಸಾಗಿ ಬಿಡುತ್ತಾರೆ, ‘ಇಟ್’ ಬಿಡುವುದಿಲ್ಲ. ಔಷಧದ ಬಾಟಲಿಯ “ಶೇಕ್ ವೆಲ್ ಬಿಫೋರ್ ಯೂಸ್” ನೋಡಿ ಮೋಸ ಹೋಗಬೇಡಿ. ಅದು ಲೇಬಲ್ಲಿನ ಭಾಷೆ, ಮಾತಿಗೆ ಒಗ್ಗದು. ‘ನೋ’ (know), ‘ಫರ್ಗೆಟ್’, ‘ಅಂಡರ್‌ಸ್ಟ್ಯಾಂಡ್’, ‘ಟ್ರೈ’ ಇಂಥ ಕೆಲವು ಕ್ರಿಯಾಪದಗಳು ಸಂದರ್ಭ ಸ್ಪಷ್ಟವಾಗಿದ್ದರೆ ಒಂಟಿಯಾಗಿ ನಿಲ್ಲುತ್ತವೆ: “ಐ ನೋ”, “ಸಾರಿ, ಐ ಫರ್ಗಾಟ್”.

ಇದಕ್ಕಿಂತ ಹೆಚ್ಚು ಕಾಡುವುದು ‘ನನಗೆ’. ನಾವು ನನಗೆ ಹೇಳು, ನನಗೆ ವಿವರಿಸು, ನನಗೆ ಫೋನ್ ಮಾಡು ಅಂತೀವಿ, ಎಲ್ಲಕ್ಕೂ ಒಂದೇ ‘ಗೆ’. ಇಂಗ್ಲಿಷಿನಲ್ಲಿ ಒಂದೊಂದು ಕ್ರಿಯಾಪದಕ್ಕೂ ಅದರದೇ ಕಟ್ಟು. ಟೆಲ್, ಆಸ್ಕ್, ಕಾಲ್, ಆನ್ಸರ್ ಇವುಗಳ ಪಕ್ಕದಲ್ಲಿ ನೇರವಾಗಿ ‘ಮೀ’: “ಟೆಲ್ ಮೀ”, “ಕಾಲ್ ಮೀ”. ಇಲ್ಲಿ ‘ಟು’ ಸೇರಿಸಿದರೆ ತಪ್ಪು. ಎಕ್ಸ್‌ಪ್ಲೇನ್, ಸಜೆಸ್ಟ್, ಡಿಸ್ಕ್ರೈಬ್, ಮೆನ್ಷನ್, ಸೇ ಇವುಗಳಿಗೆ ‘ಟು’ ಬೇಕೇ ಬೇಕು: “ಎಕ್ಸ್‌ಪ್ಲೇನ್ ಇಟ್ ಟು ಮೀ”. ಕಚೇರಿಗಳಲ್ಲಿ ದಿನಬೆಳಗಾದರೆ ಕೇಳಿಸುವ “ಎಕ್ಸ್‌ಪ್ಲೇನ್ ಮೀ” ಮತ್ತು “ಹೀ ಟೋಲ್ಡ್ ಟು ಮೀ” ಎರಡೂ ಈ ಒಂದೇ ‘ಗೆ’ಯಿಂದ ಹುಟ್ಟಿದ ತಪ್ಪುಗಳು. ‘ಅವಳ ಜೊತೆ ಮದುವೆಯಾದ’ ಎನ್ನುವ ಅಭ್ಯಾಸದಿಂದ ‘ಮ್ಯಾರೀಡ್ ವಿತ್ ಹರ್’ ಬರುತ್ತದೆ. ‘ಹೀ ಮ್ಯಾರೀಡ್ ಹರ್’ ಅಂದರೆ ಸಾಕು. ‘ಡಿಸ್ಕಸ್’ ಕೂಡ ಹಾಗೆಯೇ, ‘ಅಬೌಟ್’ ಬೇಡ.

ಅದಕ್ಕೇ ನೋಟ್‌ಬುಕ್ಕಿನಲ್ಲಿ ‘ಎಕ್ಸ್‌ಪ್ಲೇನ್: ವಿವರಿಸು’ ಎಂದಷ್ಟೇ ಬರೆದುಕೊಂಡರೆ ಪ್ರಯೋಜನ ಕಡಿಮೆ. ‘ಎಕ್ಸ್‌ಪ್ಲೇನ್ ಇಟ್ ಟು ಮೀ’ ಎಂದು ಇಡೀ ಕಟ್ಟನ್ನೇ ಬರೆದು, ಜೋರಾಗಿ ಹೇಳಿ ರೂಢಿಸಿಕೊಳ್ಳಿ. ಆಮೇಲೆ ನೀವೇ ಕಳಿಸಿದ ಹಳೆಯ ಇಮೇಲ್‌ಗಳನ್ನು ತೆರೆದು, ಪ್ರತಿ ಕ್ರಿಯಾಪದಕ್ಕೂ ‘ಏನನ್ನು? ಯಾರಿಗೆ?’ ಎಂದು ಕೇಳುತ್ತಾ ಹೋಗಿ. ಉತ್ತರ ನಿಮ್ಮ ತಲೆಯಲ್ಲಿದ್ದು ವಾಕ್ಯದಲ್ಲಿ ಇಲ್ಲದಿದ್ದರೆ ಅಲ್ಲೊಂದು ಸರ್ವನಾಮ ಬೇಕು.

ಇನ್ನು ಎರಡು ತುಂಡಿನ ಕ್ರಿಯಾಪದಗಳು. “ಟರ್ನ್ ಆಫ್ ದ ಫ್ಯಾನ್”, “ಟರ್ನ್ ದ ಫ್ಯಾನ್ ಆಫ್” ಎರಡೂ ಸರಿ. ಫ್ಯಾನಿನ ಬದಲು ‘ಇಟ್’ ಬಂದರೆ ಅದರ ಜಾಗ ನಡುವೆ ಮಾತ್ರ: “ಟರ್ನ್ ಇಟ್ ಆಫ್”. ‘ಟರ್ನ್ ಆಫ್ ಇಟ್’ ಯಾರೂ ಹೇಳುವುದಿಲ್ಲ. ‘ಪಿಕ್ ಮೀ ಅಪ್’, ‘ಫಿಲ್ ಇಟ್ ಇನ್’ ಇದೇ ಗುಂಪಿನವು. ‘ಲುಕ್ ಆಫ್ಟರ್ ಹರ್’, ‘ವೇಟ್ ಫಾರ್ ಮೀ’ ಗುಂಪು ಬೇರೆ, ಇವನ್ನು ಒಡೆಯುವಂತಿಲ್ಲ. ಯಾವುದು ಯಾವ ಗುಂಪು ಎಂಬ ಅನುಮಾನ ಬಂದರೆ ಕಲಿಯುವವರಿಗೆಂದೇ ಮಾಡಿದ ನಿಘಂಟು ತೆಗೆಯಿರಿ. ಅಲ್ಲಿ ‘ಟರ್ನ್ ಸಮ್‌ಥಿಂಗ್ ಆಫ್’ ಎಂದಿದ್ದರೆ ಸರ್ವನಾಮ ನಡುವೆ, ‘ಲುಕ್ ಆಫ್ಟರ್ ಸಮ್‌ಬಡಿ’ ಎಂದಿದ್ದರೆ ಕೊನೆಗೆ.