ರಿಪ್ಲೇ ಇಲ್ಲ ಅಂತ ಮ್ಯಾಚ್‌ಗೆ ಮೊದಲೇ ಹೇಳಿ

ನಾನು ಕ್ರೀಡಾ ನೇರಪ್ರಸಾರದಲ್ಲಿ ರಿಪ್ಲೇ ಆಪರೇಟರ್. ಮೈದಾನದ ಹೊರಗೆ ನಿಂತ ಓಬಿ ವ್ಯಾನ್ (ನೇರಪ್ರಸಾರದ ಉಪಕರಣಗಳಿರುವ ಗಾಡಿ) ಒಳಗೆ ಕೂತು, ಕ್ಯಾಮೆರಾಗಳಿಂದ ಬರುವ ಫೀಡ್‌ನಲ್ಲಿ ಬೇಕಾದ ತುಣುಕನ್ನು ಹಿಂದಕ್ಕೆ ತಿರುಗಿಸಿ ಕೊಡುವುದು ನನ್ನ ಕೆಲಸ. ಕಬಡ್ಡಿ, ವಾಲಿಬಾಲ್, ಕ್ರಿಕೆಟ್, ಫುಟ್‌ಬಾಲ್ ಎಲ್ಲವನ್ನೂ ಮಾಡಿದ್ದೇನೆ. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಬಟನ್ ತೋರಿಸುವುದಕ್ಕೂ ಮೊದಲು ಒಂದು ಪಂದ್ಯದ ಬಗ್ಗೆ ಹೇಳುತ್ತೇನೆ. ಅದು ಫುಟ್‌ಬಾಲ್‌ನ 2018–19ರ ಸಾಲಿನ ಆಫ್ರಿಕಾ ಚಾಂಪಿಯನ್ಸ್ ಲೀಗ್ ಫೈನಲ್. ನಮ್ಮ ಕಡೆ ಇದನ್ನು ನೋಡಿದವರು ಕಡಿಮೆ. ಆದರೆ ನೇರಪ್ರಸಾರದಲ್ಲಿ ಕೆಲಸ ಮಾಡುವವರೆಲ್ಲ ತಿಳಿದುಕೊಳ್ಳಲೇಬೇಕಾದ ಪಂದ್ಯ ಅದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆ ಸಾಲೇ ಸ್ವಲ್ಪ ವಿಚಿತ್ರ. ಅಲ್ಲಿಯವರೆಗೆ ಆಫ್ರಿಕಾದ ಕ್ಲಬ್ ಟೂರ್ನಿ ಒಂದೇ ಕ್ಯಾಲೆಂಡರ್ ವರ್ಷದಲ್ಲಿ ಶುರುವಾಗಿ ಮುಗಿಯುತ್ತಿತ್ತು. ದೇಶಗಳ ತಂಡಗಳು ಆಡುವ ಆಫ್ರಿಕಾ ಕಪ್ ಅನ್ನು ಜೂನ್-ಜುಲೈಗೆ ತಂದಾಗ ಕ್ಲಬ್ ಟೂರ್ನಿಯನ್ನೂ ಯುರೋಪಿನ ಹಾಗೆ ವರ್ಷಾಂತ್ಯದಿಂದ ಬೇಸಿಗೆಯವರೆಗೆ ನಡೆಸುವುದು ಅಂತಾಯಿತು. ಹಾಗಾಗಿ 2018ರ ಫೈನಲ್ ನವೆಂಬರ್ 9ಕ್ಕೆ ಮುಗಿದರೆ, ಮುಂದಿನ ಸಾಲು ಅದೇ ತಿಂಗಳ ಕೊನೆಯಲ್ಲಿ ಶುರುವಾಗಿಯೇಬಿಟ್ಟಿತು. ಆಟಗಾರರಿಗೆ ಬಿಡುವೇ ಇಲ್ಲ. ಆದರೂ ಒಳ್ಳೊಳ್ಳೆ ಪಂದ್ಯಗಳು ನಡೆದವು. ಕ್ವಾರ್ಟರ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ಮಾಮೆಲೋಡಿ ಸನ್‌ಡೌನ್ಸ್ ತಂಡ ಈಜಿಪ್ಟಿನ ಅಲ್ ಅಹ್ಲಿಯನ್ನು 5–0 ಅಂತರದಲ್ಲಿ ಸೋಲಿಸಿತು. ಅಷ್ಟು ದೊಡ್ಡ ಕ್ಲಬ್‌ಗೆ ಅಂಥ ಸೋಲು ಅಂದರೆ ಯಾರೂ ನಂಬುವ ಹಾಗಿರಲಿಲ್ಲ. ಕೊನೆಗೆ ಫೈನಲ್‌ಗೆ ಬಂದದ್ದು ಟ್ಯುನೀಶಿಯಾದ ಎಸ್ಪೆರಾನ್ಸ್ ಮತ್ತು ಮೊರಾಕ್ಕೋದ ವೈದಾದ್ ಕಾಸಾಬ್ಲಾಂಕಾ. ಎಸ್ಪೆರಾನ್ಸ್ ಹಿಂದಿನ ಸಾಲಿನ ಚಾಂಪಿಯನ್. 1919ರಲ್ಲಿ ಹುಟ್ಟಿದ ಆ ಕ್ಲಬ್‌ಗೆ ಅದು ನೂರನೇ ವರ್ಷ.

ಆಗ ಫೈನಲ್ ಎರಡು ಪಂದ್ಯಗಳದ್ದು, ಒಬ್ಬೊಬ್ಬರ ದೇಶದಲ್ಲಿ ಒಂದೊಂದು. ಮೊದಲನೆಯದು 2019ರ ಮೇ 24ರಂದು ಮೊರಾಕ್ಕೋದ ರಬಾತ್‌ನಲ್ಲಿ ನಡೆದು 1–1ರಲ್ಲಿ ಮುಗಿಯಿತು. ಅಲ್ಲಿ ವಿಎಆರ್ ಇತ್ತು, ಅಂದರೆ ವಿಡಿಯೋ ನೋಡಿ ರೆಫರಿಯ ತೀರ್ಪನ್ನು ಮತ್ತೆ ಪರಿಶೀಲಿಸುವ ವ್ಯವಸ್ಥೆ. ವಿಡಿಯೋ ನೋಡಿ ವೈದಾದ್‌ನ ಒಂದು ಗೋಲನ್ನು ಕೈಗೆ ತಾಗಿದೆ ಅಂತ ರದ್ದು ಮಾಡಿದರು. ಆ ಪಂದ್ಯದ ರೆಫರಿ, ಈಜಿಪ್ಟಿನ ಗೆಹಾದ್ ಗ್ರಿಶಾ ಅವರನ್ನು ಆಫ್ರಿಕಾ ಫುಟ್‌ಬಾಲ್ ಒಕ್ಕೂಟವಾದ ಕಾಫ್ ಆರು ತಿಂಗಳು ಅಮಾನತು ಮಾಡಿತು. ಅಂದರೆ ವೈದಾದ್ ಆಟಗಾರರು ಟ್ಯುನಿಸ್‌ಗೆ ಹೊರಡುವಾಗ ಅವರ ತಲೆಯಲ್ಲಿ ಒಂದು ಲೆಕ್ಕ ಇದ್ದೇ ಇತ್ತು: ವಿಎಆರ್ ನಮ್ಮ ಗೋಲನ್ನು ಕಿತ್ತುಕೊಂಡಿದೆ, ಹಾಗಾದರೆ ನಮಗೆ ಬೇಕಾದಾಗಲೂ ಅದು ಇರಬೇಕು. ಇದು ತೀರಾ ನ್ಯಾಯವಾದ ಲೆಕ್ಕ.

ಮೇ 31, ಟ್ಯುನಿಸ್ ಪಕ್ಕದ ರಾದೆಸ್ ಕ್ರೀಡಾಂಗಣ. ರಂಜಾನ್ ತಿಂಗಳಾದ್ದರಿಂದ ಪಂದ್ಯ ರಾತ್ರಿ ತಡವಾಗಿ ಶುರುವಾಯಿತು. ಅಲ್ಜೀರಿಯಾದ ಯೂಸೆಫ್ ಬೆಲೈಲಿ ಮೊದಲಾರ್ಧದಲ್ಲೇ ಗೋಲು ಹೊಡೆದು ಎಸ್ಪೆರಾನ್ಸ್‌ಗೆ ಮುನ್ನಡೆ ಕೊಟ್ಟರು. ಹೆಚ್ಚುಕಡಿಮೆ 60ನೇ ನಿಮಿಷಕ್ಕೆ ವೈದಾದ್‌ನ ವಾಲಿದ್ ಎಲ್ ಕಾರ್ತಿ ತಲೆಯಿಂದ ಚೆಂಡನ್ನು ಬಲೆಗೆ ಹಾಕಿದರು. ಲೈನ್ಸ್‌ಮನ್ ಬಾವುಟ ಎತ್ತಿದರು, ಆಫ್‌ಸೈಡ್. ಅಂದರೆ ಪಾಸ್ ಕೊಟ್ಟ ಕ್ಷಣದಲ್ಲಿ ಆಟಗಾರ ಎದುರಾಳಿ ರಕ್ಷಕರನ್ನು ದಾಟಿ ಮುಂದೆ ನಿಂತಿದ್ದ ಅಂತ. ಟಿವಿಯಲ್ಲಿ ತೋರಿಸಿದ ರಿಪ್ಲೇ ನೋಡಿದವರಿಗೆ ಅದು ಆಫ್‌ಸೈಡ್ ಅಂತ ಅನ್ನಿಸಲೇ ಇಲ್ಲ. ವೈದಾದ್ ಆಟಗಾರರು ರೆಫರಿ ಬಕಾರಿ ಗಸ್ಸಾಮಾ ಅವರನ್ನು ಸುತ್ತುವರಿದು ಕೇಳಿದ್ದು ಒಂದೇ: ವಿಎಆರ್ ನೋಡಿ.

ಆದರೆ ಆ ರಾತ್ರಿ ವಿಎಆರ್ ಕೆಲಸವೇ ಮಾಡುತ್ತಿರಲಿಲ್ಲ.

ಇದನ್ನು ಒಂದು ಕ್ಷಣ ಯೋಚಿಸಿ. ಖಂಡದ ಅತಿದೊಡ್ಡ ಕ್ಲಬ್ ಪಂದ್ಯ. ಗೆದ್ದವರಿಗೆ 25 ಲಕ್ಷ ಡಾಲರ್. ಆ ಗೋಲು ಸರಿಯೋ ತಪ್ಪೋ ಅಂತ ಮನೆಯಲ್ಲಿ ಟಿವಿ ಮುಂದೆ ಕೂತವರಿಗೆಲ್ಲ ಕಾಣುತ್ತಿದೆ. ತೀರ್ಪು ಕೊಡಬೇಕಾದವರಿಗೆ ಮಾತ್ರ ಕಾಣುತ್ತಿಲ್ಲ. ವೈದಾದ್ ತಂಡ ಆಟ ಮುಂದುವರಿಸಲು ಒಪ್ಪಲಿಲ್ಲ. ಕಾಫ್ ಅಧ್ಯಕ್ಷ ಅಹ್ಮದ್ ಅಹ್ಮದ್ ಅವರೇ ಮೈದಾನಕ್ಕೆ ಇಳಿದರು. ಗ್ಯಾಲರಿಯಿಂದ ಬಾಟಲಿಗಳು ಬಂದು ಬಿದ್ದವು. ಒಂದು ಗಂಟೆಗೂ ಜಾಸ್ತಿ ಹೊತ್ತು ಎಲ್ಲರೂ ನಿಂತಲ್ಲೇ ನಿಂತರು. ಕೊನೆಗೆ ಗಸ್ಸಾಮಾ ಸೀಟಿ ಊದಿ ಪಂದ್ಯ ಮುಗಿಸಿದರು. ಕಪ್ ಎಸ್ಪೆರಾನ್ಸ್ ಕೈಗೆ ಹೋಯಿತು.

ನಿಯಮ ಏನು ಹೇಳುತ್ತದೆ ಅಂತ ಹುಡುಗರು ಕೇಳುತ್ತಾರೆ. ನಿಯಮ ಸ್ಪಷ್ಟವಾಗಿಯೇ ಇದೆ. ವಿಎಆರ್ ಉಪಕರಣ ಕೆಟ್ಟಿತು ಅನ್ನುವ ಕಾರಣಕ್ಕೆ ಪಂದ್ಯ ಅಸಿಂಧು ಆಗುವುದಿಲ್ಲ ಅಂತ ಫುಟ್‌ಬಾಲ್ ನಿಯಮ ಪುಸ್ತಕದ ವಿಎಆರ್ ಭಾಗದಲ್ಲೇ ಬರೆದಿದೆ. ಯಂತ್ರ ಇಲ್ಲದಿದ್ದರೆ ರೆಫರಿಯ ಕಣ್ಣೇ ಕೊನೆ. ಆದರೆ ಪುಸ್ತಕದಲ್ಲಿ ಬರೆದಿರುವುದು ಬೇರೆ, ಸಿಟ್ಟಿನಲ್ಲಿ ನಿಂತ ಹನ್ನೊಂದು ಜನರಿಗೆ ಅದು ಒಪ್ಪಿಗೆಯಾಗುವುದು ಬೇರೆ. ವಿಎಆರ್ ಇಲ್ಲ ಅನ್ನುವುದನ್ನು ಯಾರಿಗೆ ಹೇಳಿದ್ದರು, ಯಾವಾಗ ಹೇಳಿದ್ದರು ಅನ್ನುವುದೇ ಆಮೇಲೆ ದೊಡ್ಡ ವಾದವಾಯಿತು. ನನ್ನ ಕಣ್ಣಿಗೆ ಇಡೀ ಪ್ರಕರಣದಲ್ಲಿ ಬೇಸರ ತರಿಸುವುದು ಇದೇ. ಉಪಕರಣ ಕೆಡುವುದು ನಮಗೆ ಹೊಸದಲ್ಲ. ಕೆಟ್ಟಿದೆ ಅಂತ ಮೊದಲೇ ಎಲ್ಲರಿಗೂ ಗೊತ್ತಿತ್ತೋ ಇಲ್ಲವೋ ಅಂತ ಆಮೇಲೆ ವಾದ ಮಾಡುವ ಸ್ಥಿತಿ ಬರಬಾರದು.

ಹೊರಗಿನವರಿಗೆ ಇದು ಒಂದು ಟಿವಿ, ಒಂದು ಬಟನ್ ಅನ್ನಿಸಬಹುದು. ಒಳಗೆ ಹಾಗಿಲ್ಲ. ಪ್ರತಿ ಕ್ಯಾಮೆರಾದ ಫೀಡ್ ವಿಡಿಯೋ ರೂಮಿಗೆ ಬರಬೇಕು. ಎಲ್ಲ ಫೀಡ್‌ಗಳ ಸಮಯ ಒಂದಕ್ಕೊಂದು ತಾಳೆಯಾಗಬೇಕು, ಇಲ್ಲದಿದ್ದರೆ ಪಾಸ್ ಕೊಟ್ಟ ಕ್ಷಣ ಒಂದು ಕ್ಯಾಮೆರಾದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಕಾಣುತ್ತದೆ. ಆಫ್‌ಸೈಡ್ ಗೆರೆ ಎಳೆಯಬೇಕಾದರೆ ಮೈದಾನದ ಗುರುತುಗಳ ಲೆಕ್ಕದಲ್ಲಿ ಕ್ಯಾಮೆರಾವನ್ನು ಮೊದಲೇ ಹೊಂದಿಸಿಟ್ಟಿರಬೇಕು. ರೆಫರಿಯ ಕಿವಿಗೆ ಮಾತು ಹೋಗಬೇಕು, ಅವರ ಮಾತು ವಾಪಸ್ ಕೇಳಬೇಕು. ಇವುಗಳಲ್ಲಿ ಒಂದು ಕೈಕೊಟ್ಟರೂ ಉಳಿದದ್ದೆಲ್ಲ ಇದ್ದೂ ಇಲ್ಲದ ಹಾಗೆ. ಆದ್ದರಿಂದ "ವಿಎಆರ್ ಇದೆಯಾ?" ಅನ್ನುವ ಪ್ರಶ್ನೆಗೆ ಹೌದು ಅಥವಾ ಇಲ್ಲ ಅಂತ ಸುಮ್ನೆ ಹೇಳಲಾಗದು. ಯಾವುದು ಇದೆ, ಯಾವುದು ಇಲ್ಲ ಅಂತ ಬಿಡಿಸಿ ಹೇಳಬೇಕು.

ನಮ್ಮ ಕ್ರಿಕೆಟ್‌ನಲ್ಲೂ ಹೀಗಾದ ಉದಾಹರಣೆ ಇದೆ. 2022ರ ಮೇ 12ರಂದು ವಾಂಖೆಡೆಯಲ್ಲಿ ಚೆನ್ನೈ ಮತ್ತು ಮುಂಬೈ ನಡುವಿನ ಐಪಿಎಲ್ ಪಂದ್ಯ. ಕರೆಂಟ್ ತೊಂದರೆಯಿಂದ ಪಂದ್ಯದ ಶುರುವಿನಲ್ಲಿ ಡಿಆರ್‌ಎಸ್ ಇರಲಿಲ್ಲ. ಡೆವೊನ್ ಕಾನ್ವೇ ಅವರನ್ನು ಮೊದಲ ಓವರ್‌ನಲ್ಲೇ ಎಲ್‌ಬಿಡಬ್ಲ್ಯು ಕೊಟ್ಟರು. ಚೆಂಡು ಲೆಗ್ ಸ್ಟಂಪ್ ತಪ್ಪಿಸಿ ಹೋಗುತ್ತಿತ್ತು ಅಂತ ನೋಡಿದವರಿಗೆ ಅನ್ನಿಸಿತು. ಆದರೆ ರಿವ್ಯೂ ಕೇಳಲು ದಾರಿ ಇರಲಿಲ್ಲ. ಅವರು ಪೆವಿಲಿಯನ್‌ಗೆ ನಡೆದರು, ಆಟ ಮುಂದುವರಿಯಿತು. ಅನ್ಯಾಯ ಅಂತ ಮಾತಾಡಿಕೊಂಡರು, ಟೀಕೆಯೂ ಬಂತು. ಆದರೆ ಆಟ ನಿಲ್ಲಲಿಲ್ಲ. ಬಸ್ಸು ಹತ್ತುವ ಮೊದಲೇ ಕಂಡಕ್ಟರ್ "ಇದು ಸಾಗರಕ್ಕೆ ಹೋಗಲ್ಲ, ಶಿವಮೊಗ್ಗದವರೆಗೆ ಮಾತ್ರ" ಅಂದರೆ ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಅದೇ ಮಾತನ್ನು ಶಿವಮೊಗ್ಗದಲ್ಲಿ ಇಳಿಸುವಾಗ ಹೇಳಿದರೆ ಸುಮ್ಮನೆ ಬಿಡುತ್ತಾರಾ?

ಇದು ನಮ್ಮ ಕೆಲಸದಲ್ಲಿ ಹೇಗೆ ಬಂತು ಅಂತ ಹೇಳುತ್ತೇನೆ. ಒಂದು ತಾಲ್ಲೂಕು ಕೇಂದ್ರದಲ್ಲಿ ಕಬಡ್ಡಿ ಟೂರ್ನಿ. ವಿಡಿಯೋ ರಿವ್ಯೂ ಕೊಡುವುದಾಗಿ ಆಯೋಜಕರು ತಂಡಗಳಿಗೆ ಮೊದಲೇ ತಿಳಿಸಿದ್ದರು. ಫೈನಲ್‌ಗೆ ಸ್ವಲ್ಪ ಮುಂಚೆ ನೀರಿನ ಟ್ಯಾಂಕರ್ ಒಂದು ನಮ್ಮ ಕೇಬಲ್ ಮೇಲೆ ಹತ್ತಿಹೋಯಿತು. ವ್ಯಾನ್‌ನಲ್ಲಿದ್ದ ಹುಡುಗ, "ಅಣ್ಣ, ಎಡಗಡೆ ಬೋನಸ್ ಲೈನ್ ಕ್ಯಾಮೆರಾ ಬರ್ತಿಲ್ಲ" ಅಂದ. ನೋಡಿದರೆ ಆ ಪರದೆ ಪೂರ್ತಿ ಕಪ್ಪು. ಬದಲಿ ಕೇಬಲ್ ಎಳೆಯುವಷ್ಟು ಹೊತ್ತಿರಲಿಲ್ಲ. ನಾನು ಇಳಿದು ಹೋಗಿ ರೆಫರಿಗೆ ಹೇಳಿದೆ: "ಸರ್, ಎಡಗಡೆ ಅಂಗಣದಲ್ಲಿ ಬೋನಸ್‌ಗೆ ರಿವ್ಯೂ ಕೊಡಕ್ಕಾಗಲ್ಲ. ಉಳಿದದ್ದೆಲ್ಲ ಸರಿ ಇದೆ." ಅವರು ಇಬ್ಬರು ನಾಯಕರನ್ನೂ ಒಟ್ಟಿಗೆ ಕರೆದರು. ಅರ್ಧಕ್ಕೆ ಅಂಗಣ ಬದಲಾಗುವುದರಿಂದ ಈ ತೊಂದರೆ ಇಬ್ಬರಿಗೂ ಸಮ ಅಂತ ಬಿಡಿಸಿ ಹೇಳಿದರು. ಆಮೇಲೆ ಮೈಕ್‌ನಲ್ಲಿ ಜನರಿಗೂ ಹೇಳಿಸಿದೆವು.

ಎರಡನೇ ಅರ್ಧದಲ್ಲಿ ಅದೇ ಮೂಲೆಯಲ್ಲಿ ಒಂದು ಬೋನಸ್ ಅಂಕ ಸಿಗಲಿಲ್ಲ. ರೈಡರ್ ಕೂಗಾಡಿದ. ನಾಯಕ ರಿವ್ಯೂಗೆ ಕೈ ಎತ್ತಿದವನು, ತಕ್ಷಣ ನೆನಪಾಗಿ ತಾನೇ ಇಳಿಸಿದ. ರೈಡರ್ ಹೆಗಲಿಗೆ ಕೈ ಹಾಕಿ, "ಆ ಕಡೆ ಕ್ಯಾಮೆರಾ ಇಲ್ಲ ಅಲ್ವಾ, ಬಾ" ಅಂತ ಕರೆದುಕೊಂಡು ಹೋದ. ನಮ್ಮ ವ್ಯಾನ್ ಕಡೆಗೆ ಯಾರೂ ತಿರುಗಿಯೂ ನೋಡಲಿಲ್ಲ. ಆ ಹುಡುಗರ ಬಗ್ಗೆ ನನಗೆ ಈಗಲೂ ತುಂಬ ಗೌರವ. ಅದೇ ಮಾತನ್ನು ಬೋನಸ್ ಹೋದ ಮೇಲೆ ಹೇಳಿದ್ದರೆ ಅದನ್ನು ನಂಬಿ ಅಂತ ಕೇಳುವ ಹಕ್ಕು ನಮಗೆ ಇರುತ್ತಿರಲಿಲ್ಲ.

ರಾದೆಸ್ ಪ್ರಕರಣದ ಎರಡನೇ ಭಾಗವೂ ನಮಗೆ ಬೇಕು. ಅಲ್ಲಿ ಎದ್ದ ಪ್ರಶ್ನೆ, ತೀರ್ಮಾನ ಮಾಡಬೇಕಾದವರು ಯಾರು ಅನ್ನುವುದು. ಪಂದ್ಯ ಮುಗಿದು ಒಂದು ವಾರವೂ ಆಗಿರಲಿಲ್ಲ, ಕಾಫ್ ಕಾರ್ಯಕಾರಿ ಸಮಿತಿ ಪ್ಯಾರಿಸ್‌ನಲ್ಲಿ ಸೇರಿತು. ಆಟಕ್ಕೆ ಬೇಕಾದ ವಾತಾವರಣ, ಭದ್ರತೆ ಇರಲಿಲ್ಲ, ಟ್ಯುನೀಶಿಯಾದ ಹೊರಗೆ ಮತ್ತೆ ಆಡಿಸಿ, ಕಪ್ ಮತ್ತು ಪದಕ ವಾಪಸ್ ಕೊಡಿ ಅಂದಿತು. ಎರಡೂ ಕ್ಲಬ್‌ಗಳು ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿರುವ ಕ್ರೀಡಾ ನ್ಯಾಯಾಲಯಕ್ಕೆ ಹೋದವು. ಜುಲೈ 31ಕ್ಕೆ ನ್ಯಾಯಾಲಯ ಆ ತೀರ್ಮಾನವನ್ನು ರದ್ದು ಮಾಡಿತು. ಕಾರಣ, ಹಾಗೆ ತೀರ್ಮಾನಿಸುವ ಅಧಿಕಾರವೇ ಆ ಸಮಿತಿಗೆ ಇರಲಿಲ್ಲ. ವಿಷಯ ಕಾಫ್‌ನ ಶಿಸ್ತು ಸಮಿತಿಗೆ ಹೋಯಿತು. ಆಗಸ್ಟ್ 7ರಂದು ಅದು, ಆಟ ಬಿಟ್ಟದ್ದಕ್ಕೆ ವೈದಾದ್ ಸೋತಂತೆ ಅಂದಿತು. ಅಷ್ಟರಲ್ಲಿ ಮುಂದಿನ ಸಾಲಿನ ಅರ್ಹತಾ ಪಂದ್ಯಗಳು ಶುರುವಾಗುವ ಹೊತ್ತು. ವೈದಾದ್‌ನ ಕೊನೆಯ ಮೇಲ್ಮನವಿಯನ್ನು ಲೋಸಾನ್ ತಳ್ಳಿಹಾಕಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಮೈದಾನದಲ್ಲಿ ಒಂದು ಗೋಲಿನ ಮೇಲೆ ಎದ್ದ ಪ್ರಶ್ನೆಗೆ ಕೊನೆಯ ಉತ್ತರ ಬರಲು ಒಂದು ವರ್ಷದ ಮೇಲಾಯಿತು.

ಆಮೇಲೆ ಫೈನಲ್ ಅನ್ನು ಒಂದೇ ಪಂದ್ಯ ಮಾಡಿದರು. 2023ಕ್ಕೆ ಮತ್ತೆ ಎರಡಕ್ಕೆ ಮರಳಿದರು. ನಡುವೆ 2022ರಲ್ಲಿ ವೈದಾದ್ ತನ್ನದೇ ಊರು ಕಾಸಾಬ್ಲಾಂಕಾದಲ್ಲಿ ಅಲ್ ಅಹ್ಲಿಯನ್ನು 2–0ಯಿಂದ ಸೋಲಿಸಿ ಕಪ್ ಎತ್ತಿತು. ಅದು ನನಗೆ ನಿಜವಾಗಲೂ ಖುಷಿ ಕೊಟ್ಟ ಸುದ್ದಿ. ಎಸ್ಪೆರಾನ್ಸ್ ಮೇಲೂ ನನಗೆ ಬೇಸರವಿಲ್ಲ. ಅವರು ಚೆನ್ನಾಗಿಯೇ ಆಡುತ್ತಿದ್ದರು, ಮುಂದಿದ್ದರು. ಅವರ ನೂರನೇ ವರ್ಷದ ಗೆಲುವನ್ನು ಜನ ಇವತ್ತಿಗೂ ಕೆಟ್ಟುಹೋದ ಯಂತ್ರದ ಹೆಸರಲ್ಲೇ ನೆನಪಿಡುತ್ತಾರೆ. ಗೆದ್ದವರಿಗೂ ಅನ್ಯಾಯವೇ.

ಈಗ ನಮ್ಮ ತಂಡ ಪ್ರತಿ ಟೂರ್ನಿಗೂ ಒಂದು ಹಾಳೆ ಇಟ್ಟುಕೊಳ್ಳುತ್ತದೆ. ಏನು ಕೆಲಸ ಮಾಡುತ್ತಿಲ್ಲ, ಅದರಿಂದ ಯಾವ ರಿವ್ಯೂ ಸಿಗುವುದಿಲ್ಲ, ತಕರಾರು ಬಂದರೆ ಕೊನೆಯ ಮಾತು ಯಾರದು, ಇಷ್ಟೇ ಅದರಲ್ಲಿ. ಮೂರನೆಯದಕ್ಕೆ "ಸಮಿತಿ" ಅಂತ ಬರೆಯಲು ನಾನು ಬಿಡುವುದಿಲ್ಲ, ಒಬ್ಬರ ಹೆಸರು ಬೇಕು. ಹಾಳೆ ಕನ್ನಡದಲ್ಲೇ ಇರುತ್ತದೆ, ಏಕೆಂದರೆ ಸಹಿ ಹಾಕುವ ನಾಯಕರು ಅದನ್ನು ಓದಿ ಹಾಕಬೇಕು. ಕೆಲವು ಆಯೋಜಕರು ಹಿಂಜರಿಯುತ್ತಾರೆ. "ಮೊದಲೇ ಹೇಳಿ ಯಾಕೆ ಗಲಾಟೆ ಎಬ್ಬಿಸೋದು, ನಡೆದುಹೋಗುತ್ತೆ ಬಿಡಿ" ಅನ್ನುತ್ತಾರೆ. ಅವರಿಗೆ ಫೋನಿನಲ್ಲಿ ಎಲ್ ಕಾರ್ತಿಯ ಗೋಲು, ಆಮೇಲೆ ನಿಂತೇ ಇದ್ದ ಆಟ ಎರಡನ್ನೂ ತೋರಿಸುತ್ತೇನೆ. ಇಲ್ಲಿಯವರೆಗೆ ಅದನ್ನು ನೋಡಿದ ಮೇಲೆ ಹಾಳೆ ಬೇಡ ಅಂದವರಿಲ್ಲ.

ಹುಡುಗರು ಕೇಳುವ ಇನ್ನೊಂದು ಪ್ರಶ್ನೆ, ಆಟದ ನಡುವೆ ಕೆಟ್ಟರೆ? ಮುಂದಿನ ಸಲ ಸೀಟಿ ಊದಿ ಆಟ ನಿಂತಾಗ ಟಾಕ್‌ಬ್ಯಾಕ್‌ನಲ್ಲಿ (ವ್ಯಾನ್‌ನಿಂದ ಮಾತಾಡುವ ಲೈನ್) ರೆಫರಿಗೆ ಹೇಳಿ, ಇಬ್ಬರು ನಾಯಕರಿಗೂ ಒಟ್ಟಿಗೆ ತಿಳಿಸಿ, ಹೊತ್ತನ್ನು ಹಾಳೆಯಲ್ಲಿ ಬರೆಯಿರಿ. ಅಲ್ಲಿಂದ ಮುಂದಕ್ಕೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ, ಹಿಂದೆ ಕೊಟ್ಟ ತೀರ್ಪುಗಳು ಹಾಗೇ ಇರುತ್ತವೆ. ಕ್ಯಾಮೆರಾ ವಾಪಸ್ ಬಂದಾಗಲೂ ಇದೇ ಕ್ರಮ.