ಗದಗ ಕಡೆ ಓಡಲಿಕ್ಕೆ ಒಳ್ಳೆ ರೂಟ್ ಯಾವುದು ಅಂತ ಕೇಳುವವರಿಗೆ

ಪ್ರಶ್ನೆ ಬರುವುದು ಯಾವಾಗಲೂ ಒಂದೇ ಥರ. "ಗದಗ ಕಡೆ ಹಳೇ ಗುಡಿ, ಹಳ್ಳಿ ಎಲ್ಲಾ ಸಿಗೋ ಹಂಗ ಒಂದು ರೂಟ್ ಹೇಳ್ರಿ. ಇಪ್ಪತ್ತೊಂದು ಕಿಲೋಮೀಟರ್ ಆಗಬೇಕು. ಮ್ಯಾಪ್ ಇದ್ರ ಕಳಿಸಿಬಿಡ್ರಿ." ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಗದಗದಿಂದ ಹಳೇ ಗುಡಿಗಳ ಊರು ಲಕ್ಕುಂಡಿಗೆ ಸುಮಾರು 12 ಕಿ.ಮೀ. ಹೋಗಿ ಬಂದರೆ ನಿಮ್ಮ ಲೆಕ್ಕ ಮುಗಿಯಿತು, ಸ್ವಲ್ಪ ಹೆಚ್ಚೇ ಆಯಿತು. ಆದರೆ ಆ ದಾರಿಯಲ್ಲಿ ಓಡಬೇಡಿ. ಅದು ಹುಬ್ಬಳ್ಳಿಯಿಂದ ಕೊಪ್ಪಳ, ಹೊಸಪೇಟೆ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 67. ಹಗಲು ರಾತ್ರಿ ಲಾರಿ. ಓಡಿ ಸಿಗುವುದು ಡೀಸೆಲ್ ಹೊಗೆ ಮಾತ್ರ. ಬೆಳಗಿನ ಮೊದಲ ಬಸ್ ಹಿಡಿದು ಲಕ್ಕುಂಡಿಯಲ್ಲೇ ಇಳಿಯಿರಿ, ಓಟ ಅಲ್ಲಿಂದ ಶುರು ಮಾಡಿ. "ಬಸ್ಸಲ್ಲಿ ಹೋಗಿ ಓಡೋದಾ?" ಅಂತ ನಗುವವರು ಆ ಹೆದ್ದಾರಿಯ ಅಂಚಿನಲ್ಲಿ ಒಮ್ಮೆ ನಿಂತು ನೋಡಿ ಬರಲಿ.

ನನಗೆ ಸಿಟ್ಟು ಬರುವುದು ಆ "ಇಪ್ಪತ್ತೊಂದು ಕಿಲೋಮೀಟರ್" ಅನ್ನುವ ಮಾತಿಗೆ. ಎಷ್ಟು ದೂರ ಅಂತ ಎಲ್ಲರೂ ಕೇಳುತ್ತಾರೆ, ಯಾವ ತಿಂಗಳು ಅಂತ ಯಾರೂ ಕೇಳುವುದಿಲ್ಲ. ಈ ಸೀಮೆಯಲ್ಲಿ ದಾರಿ ಅನ್ನುವುದು ತಿಂಗಳಿಗೊಂದು. ಫೆಬ್ರುವರಿಯಲ್ಲಿ ಸುಖವಾಗಿ ಓಡಿದ ಬಂಡಿ ದಾರಿಯಲ್ಲಿ ಸೆಪ್ಟೆಂಬರ್‌ದಲ್ಲಿ ನೂರು ಹೆಜ್ಜೆ ನಡೆಯಲಿಕ್ಕೂ ಆಗುವುದಿಲ್ಲ. ಮ್ಯಾಪಿನಲ್ಲಿ ಎರಡೂ ಒಂದೇ ಗೆರೆ.

ನೆಲದ ಮಾತಿಗೆ ಬರೋಣ. ಇಲ್ಲಿ ಇರುವುದು ಎರಡು ಜಾತಿ ಮಣ್ಣು, ಎರಿ ಮತ್ತು ಮಸಾರಿ. ಕಪ್ಪು ಎರಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಕೆಂಪು ಮಸಾರಿಯಲ್ಲಿ ಗರಸು ಹೆಚ್ಚು, ನೀರು ನಿಲ್ಲುವುದಿಲ್ಲ. ಮಳೆ ನಿಂತ ಮರುದಿನವೇ ಮಸಾರಿ ಮೇಲೆ ಓಡಬಹುದು. ಎರಿಗೆ ಮೂರು ನಾಲ್ಕು ದಿನ ಚೊಲೋ ಬಿಸಿಲು ಬೇಕು, ಮೋಡ ಕವಿದಿದ್ದರೆ ವಾರವೂ ಸಾಲದು. ಹಸಿ ಎರಿಯಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಶೂ ಕೆಳಗೆ ಇನ್ನೊಂದು ಶೂ ಕಟ್ಟಿದಂತಾಗುತ್ತದೆ. ಆ ಭಾರ ಎತ್ತಿ ಎತ್ತಿ ತೊಡೆಯ ಮುಂಭಾಗ ಹಿಡಿಯುತ್ತದೆ. ತಳ ಕೆರೆದು ಮತ್ತೆ ಹೊರಟರೆ ಮತ್ತೆ ನಾಲ್ಕು ಹೆಜ್ಜೆಗೆ ಅದೇ ಕಥೆ. ಗುಡ್ಡದ ಓಟಕ್ಕೆಂದು ಮಾರುವ ಆಳ ಹಲ್ಲಿನ ಶೂ ಇಲ್ಲಿ ಇನ್ನೂ ಕಷ್ಟ, ಏಕೆಂದರೆ ಹಲ್ಲುಗಳ ನಡುವೆ ಎರಿ ತುಂಬಿದರೆ ಕಡ್ಡಿ ಹಾಕದೆ ಬರುವುದಿಲ್ಲ. ಹಲ್ಲು ಕಡಿಮೆ ಇದ್ದು, ನಡುವೆ ಜಾಗ ಅಗಲ ಇರುವ ತಳ ನೋಡಿ ತಗೊಳ್ಳಿ.

ಮೇಲೆ ಒಣಗಿದಂತೆ ಕಂಡರೆ ನಂಬಬೇಡಿ. ನಾಲ್ಕು ಬೆರಳು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಗಟ್ಟಿಯಾಗಿ ಹಿಚುಕಿ ಉಂಡೆ ಮಾಡಿ, ಸೊಂಟದ ಎತ್ತರದಿಂದ ಕೆಳಗೆ ಬಿಡಿ. ಉಂಡೆ ಒಡೆದು ಪುಡಿಯಾದರೆ ಓಡಿ. ಚಪ್ಪಟೆಯಾಗಿ ಹಾಗೇ ಕೂತರೆ ಡಾಂಬರು ರಸ್ತೆಗೆ ತಿರುಗಿ. ಟ್ರ್ಯಾಕ್ಟರ್ ಗಾಲಿ ಹೋದ ಗೆರೆ ಇನ್ನೂ ಮಿರಮಿರ ಹೊಳೆಯುತ್ತಿದ್ದರೆ ಉಂಡೆ ಮಾಡುವ ಕೆಲಸವೂ ಬೇಡ.

ಒಣಗಿದ ಎರಿಯದು ಬೇರೆ ಕಾಟ. ಹಸಿ ಇದ್ದಾಗ ಗಾಲಿ ಕೊರೆದ ಗೆರೆಗಳು ಹಾಗೇ ಕಲ್ಲಾಗುತ್ತವೆ. ಪಾದ ಅದರ ಅಂಚಿನ ಮೇಲೆ ಬಿದ್ದರೆ ಹರಡು ಉಳುಕುತ್ತದೆ. ಡಿಸೆಂಬರ್‌ವರೆಗೆ ಎರಡು ಗೆರೆಗಳ ನಡುವಿನ ಹುಲ್ಲಿನ ಪಟ್ಟಿಯ ಮೇಲೆ ಓಡಬೇಕು. ಓಡಾಟದಿಂದ ಗೆರೆಗಳು ಹುಡಿಯಾದ ಮೇಲೆ, ಅಂದರೆ ಜನವರಿಯ ಹೊತ್ತಿಗೆ, ಗೆರೆಯೊಳಗೇ ಓಡುವುದು ಮೆತ್ತಗೆ. ಮಾರ್ಚ್ ಬಂತೆಂದರೆ ಹೊಲದಲ್ಲಿ ಬಿರುಕು. ಜೋಳದ ಕೂಳೆಯ ನಡುವೆ ಅದು ಕಣ್ಣಿಗೆ ಬೀಳುವುದಿಲ್ಲ, ಪಾದದ ಮುಂಭಾಗ ಪೂರ್ತಿ ಒಳಗೆ ಹೋಗುತ್ತದೆ. ಅದಕ್ಕೇ ಹೊಲ ಅಡ್ಡ ಹಾಯಬೇಡಿ ಅನ್ನುವುದು. ಬದುವಿನ ಮೇಲೂ ಎಚ್ಚರ ಇರಲಿ. ದನ ಒಳಗೆ ಬರಬಾರದೆಂದು ಹೊಲದ ಅಂಚಿಗೆ ಕುಸುಬಿ ಸಾಲು ಹಾಕಿರುತ್ತಾರೆ, ಒಣಗಿದ ಕುಸುಬಿ ಮೊಣಕಾಲವರೆಗೆ ಗೀರುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಶೂ ತಳವನ್ನೇ ದಾಟಿ ಬರುತ್ತದೆ. ಒಂದು ಚಿಮಟ, ಒಂದು ಪಿನ್ನು ಜೇಬಿನಲ್ಲಿರಲಿ.

ಆಗಸ್ಟ್ ಕೊನೆಗೆ ಹೆಸರು, ಫೆಬ್ರುವರಿ ಹೊತ್ತಿಗೆ ಕಡಲೆ, ಜೋಳ ರಸ್ತೆಗೇ ಬರುತ್ತವೆ. ಅರ್ಧ ಡಾಂಬರಿನ ಮೇಲೆ ಹರವಿರುತ್ತಾರೆ. ತುಳಿಯಬೇಡಿ. ವಾಹನ ಹಾಯುತ್ತಿವೆಯಲ್ಲ, ನಾನು ಓಡಿದರೆ ಏನು ಅನ್ನಬೇಡಿ. ಅದು ಒಂದು ಮನೆಯ ವರ್ಷದ ದುಡಿಮೆ. ಕಡಲೆ ಕಾಳು ಉದುರಿದ ಡಾಂಬರು ಕಾಲು ಜಾರಿಸುವುದೂ ನಿಜ.

ಬೆಳಗಿನ ಹೊತ್ತಿನ ವಿಷಯ ಯಾವ ಆ್ಯಪ್‌ನಲ್ಲೂ ಇಲ್ಲ, ಹೇಳಲಿಕ್ಕೆ ಎಲ್ಲರಿಗೂ ಮುಜುಗರ. ಐದರಿಂದ ಆರರವರೆಗೆ ಎಷ್ಟೋ ಊರುಗಳ ಹೊರಗಿನ ರಸ್ತೆ ಬದಿ ಇನ್ನೂ ಬಹಿರ್ದೆಸೆಯ ಜಾಗ. ನೀವು ತಲೆಗೆ ಟಾರ್ಚ್ ಕಟ್ಟಿಕೊಂಡು ಬಂದರೆ ಅಲ್ಲಿ ಕೂತ ಹೆಣ್ಣುಮಕ್ಕಳು ಎದ್ದು ನಿಲ್ಲಬೇಕಾಗುತ್ತದೆ, ನೀವು ದಾಟುವವರೆಗೂ ನಿಂತಿರಬೇಕಾಗುತ್ತದೆ. ಪೂರ್ತಿ ಬೆಳಕಾದ ಮೇಲೆ ಓಟ ಶುರು ಮಾಡಿ. ಬೇಸಿಗೆಯಲ್ಲಿ ಬೇಗ ಮುಗಿಸಲೇಬೇಕಾದರೆ ಓಟವನ್ನು ಕಿರಿದು ಮಾಡಿ. ಏಪ್ರಿಲ್, ಮೇದಲ್ಲಿ ಎಂಟರ ಮೇಲೆ ಆ ಬಯಲಿನಲ್ಲಿ ನೆರಳೇ ಇರುವುದಿಲ್ಲ, ಆಗ ಇಪ್ಪತ್ತೊಂದರ ಹಟ ಯಾಕೆ?

ಲಕ್ಕುಂಡಿಯಲ್ಲಿ ಓಡುವಾಗ ಊರೊಳಗಿನ ಓಣಿಗಳನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಹೆದ್ದಾರಿಗೆ ಬೆನ್ನು ಮಾಡಿ ಹೊಲದ ದಾರಿ ಹಿಡಿದು ನಿಮ್ಮ ದೂರ ಮುಗಿಸಿ, ಆಮೇಲೆ ನಡೆಯುತ್ತಾ ಊರಿಗೆ ಬನ್ನಿ. 1007ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ಇರುವುದು ಇಲ್ಲೇ. ಇಲ್ಲಿನ ಕಾಶಿ ವಿಶ್ವೇಶ್ವರ ದೇವಸ್ಥಾನದಲ್ಲಿ ಶಿವನ ಗುಡಿಗೆ ಎದುರಾಗಿ ಸೂರ್ಯನ ಗುಡಿ ಇದೆ, ಬಾಗಿಲುವಾಡದ ಕೆತ್ತನೆ ನೋಡಲಿಕ್ಕೆ ಅರ್ಧ ತಾಸಾದರೂ ಬೇಕು. ಓಡುತ್ತಾ ಬಾಗಿಲಲ್ಲಿ ಫೋಟೋ ಹೊಡೆದು ಹೋಗುವವರಿಗೆ ಈ ಊರು ಯಾಕೆ ಬೇಕು?

ಇನ್ನೊಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯ ಮೆಟ್ಟಿಲು ನಿಮ್ಮ ಮೀನಖಂಡದ ವ್ಯಾಯಾಮಕ್ಕೆ ಕಟ್ಟಿದ್ದಲ್ಲ. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಗುಡಿಯಂಥ ಗೂಡುಗಳಿವೆ. ಒಬ್ಬರು ಜಾರಿದರೆ ಅವರ ತಲೆಯೂ ಒಡೆಯುತ್ತದೆ, ಕಲ್ಲೂ ಒಡೆಯುತ್ತದೆ. ಕಂಬಕ್ಕೆ ಕೈಯೂರಿ ಕಾಲು ಚಾಚುವುದೂ ಬೇಡ. ಈ ಗುಡಿಗಳದು ಬಳಪದ ಕಲ್ಲು, ನುಣುಪಾಗಿ ಕೆತ್ತಲು ಬಂದದ್ದೇ ಅದು ಮೆತ್ತಗಿರುವುದರಿಂದ. ಬೆವರಿನ ಕೈ, ಗರಸು ಹತ್ತಿದ ಶೂ ಎರಡೂ ಅದಕ್ಕೆ ಕೆಟ್ಟವು. ಕಾಲು ಚಾಚಲಿಕ್ಕೆ ಬಸ್ ನಿಲ್ದಾಣದ ಕಟ್ಟೆ ಇದೆ.

ಏರಿಳಿತ ಬೇಕೆನ್ನುವವರು ಗದಗ–ಮುಂಡರಗಿ ರಸ್ತೆಯ ಡಂಬಳಕ್ಕೆ ಹೋಗಿ, ಗದಗದಿಂದ ಸುಮಾರು 20 ಕಿ.ಮೀ. ಅಲ್ಲಿ ದೊಡ್ಡ ಕೆರೆ ಇದೆ, ನಕ್ಷತ್ರದಂತೆ ಮೂಲೆ ಮೂಲೆಯಾಗಿ ಹೊರಬಂದ ಗೋಡೆಯ ದೊಡ್ಡಬಸಪ್ಪನ ಗುಡಿ ಇದೆ. 1095ರ ಶಾಸನ ಈ ಊರಿನ ಬೌದ್ಧ ವಿಹಾರವನ್ನು, ತಾರಾದೇವಿಯನ್ನು ಹೆಸರಿಸುತ್ತದೆ. ಡಂಬಳದಿಂದ ಡೋಣಿ ಕಡೆ, ಕಪ್ಪತಗುಡ್ಡದ ಬುಡಕ್ಕೆ ಹೋದಂತೆ ನೆಲ ಕೆಂಪಾಗುತ್ತದೆ, ದಾರಿ ಏರುತ್ತದೆ. ನನ್ನ ಕೇಳಿದರೆ ಈ ಜಿಲ್ಲೆಯಲ್ಲಿ ಓಡಲಿಕ್ಕೆ ಇದಕ್ಕಿಂತ ಒಳ್ಳೆ ನೆಲ ಇಲ್ಲ. ಆದರೆ ಡಾಂಬರು ಬಿಟ್ಟು ಗುಡ್ಡದೊಳಗೆ ನುಗ್ಗಬೇಡಿ. 2019ರಿಂದ ಸುಮಾರು 244 ಚದರ ಕಿ.ಮೀ. ವನ್ಯಜೀವಿ ಧಾಮ ಅದು. ಚಿರತೆ, ಕತ್ತೆಕಿರುಬ, ತೋಳ ಅಲ್ಲಿನ ನಿವಾಸಿಗಳು. ಒಳಗೆ ಹೋಗಬೇಕಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಪಡೆಯಿರಿ.

ಚಿರತೆಗಿಂತ ನಿಮಗೆ ಹೆಚ್ಚು ಎದುರಾಗುವುದು ಕುರಿ ನಾಯಿ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ತರುಬಿರುತ್ತಾರೆ, ನಾಯಿಗೆ ಓಡುವವರೆಲ್ಲ ಕಳ್ಳರೇ. ಹಿಂಡು ಕಂಡ ಕೂಡಲೇ ನಡಿಗೆಗೆ ಬನ್ನಿ, ದೂರದಿಂದಲೇ "ಯಣ್ಣಾ, ನಾಯಿ ಕರೀರಿ" ಅಂತ ಕೂಗಿ. ಅವರು ಒಂದು ಶಿಳ್ಳೆ ಹಾಕಿದರೆ ಸಾಕು. ಕಲ್ಲು ಎತ್ತಿದಿರೋ, ನಾಯಿಯ ಜತೆ ಕುರುಬರ ಸಿಟ್ಟನ್ನೂ ಎದುರಿಸಬೇಕು. ಹಿಂಡಿನ ನಡುವೆ ಹಾಯದೆ, ಗಾಳಿ ಬೀಸಿ ಬರುವ ಬದಿಯಿಂದ ಸುತ್ತಿ ಹೋಗಿ, ನಿಮ್ಮ ವಾಸನೆ ನಾಯಿಗೆ ಮೊದಲೇ ಮುಟ್ಟಲಿ.

ನೀರು ಒಯ್ಯಿರಿ, ತಾಸಿಗೆ ಅರ್ಧ ಲೀಟರ್, ಬೇಸಿಗೆಯಲ್ಲಿ ಅದಕ್ಕೂ ಹೆಚ್ಚು. ಮುಂಡರಗಿ ಕಡೆ ಬೋರಿನ ನೀರಿಗೆ ಫ್ಲೋರೈಡ್ ಕಾಟ ಇದೆ. ಶುದ್ಧ ನೀರಿನ ಘಟಕಗಳು ನಾಣ್ಯ ಹಾಕಿದರೆ ಕೊಡ ತುಂಬುವಷ್ಟು ಸುರಿಸುತ್ತವೆ, ನಿಮ್ಮ ಬಾಟಲಿಗೆ ಅಷ್ಟೆಲ್ಲ ಹಾಳು ಮಾಡುವ ಬದಲು ತುಂಬಿಸಿಕೊಳ್ಳಲು ಬಂದವರ ಕೊಡದಿಂದ ಕೇಳಿ. ಯಾರೂ ಇಲ್ಲ ಅನ್ನುವುದಿಲ್ಲ.

ಜೂನ್, ಜುಲೈದಲ್ಲೇ ಓಡಬೇಕು ಅನ್ನುವವರು ಗದಗಿನ ಆಸೆ ಬಿಡಿ. ಆಗ ಇಲ್ಲಿ ಪಡುವಣ ಗಾಳಿ ಮರವಿಲ್ಲದ ಬಯಲಲ್ಲಿ ಎದೆಗೆ ಬಡಿಯುತ್ತದೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಹೋಗಲೇಬೇಕೆಂದರೆ ಮೊದಲರ್ಧ ಪಡುವಣಕ್ಕೆ ಮುಖ ಮಾಡಿ ಓಡಿ, ದಣಿದ ಮೇಲೆ ಗಾಳಿ ಬೆನ್ನಿಗಿರಲಿ. ಇಲ್ಲವಾದರೆ ಧಾರವಾಡದ ಪಡುವಣ ಬದಿಗೆ ಬನ್ನಿ, ಕೆಲಗೇರಿ ಕೆರೆ, ನುಗ್ಗಿಕೇರಿ ಕಡೆ. ಅಲ್ಲಿ ಕೆಂಪು ನೆಲ, ಮಳೆ ಬಿದ್ದರೂ ಕಾಲು ಹಿಡಿಯುವುದಿಲ್ಲ. ನುಗ್ಗಿಕೇರಿಗೆ ಶನಿವಾರ ಮಾತ್ರ ಬೇಡ. ಹಣಮಪ್ಪನ ದರ್ಶನಕ್ಕೆ ಬರುವವರ ಗಾಡಿ ಬೆಳಗಿನಿಂದಲೇ ರಸ್ತೆ ತುಂಬಾ ಇರುತ್ತವೆ.